ಯಾರ ಮನೆಯದೂ ಅಲ್ಲದ ಭಾಷೆ

ಹೋದ ತಿಂಗಳು ನಮ್ಮೂರ ಸಾಲಿಗೆ ಹೊಸದಾಗಿ ಬಂದ ಟೀಚರು ಮನೆಗೆ ಬಂದಿದ್ದರು. ಅಗದಿ ಚುರುಕಾದ ಹೆಣ್ಣುಮಗಳು. ಶನಿವಾರ ಸಾಲಿ ಬಿಟ್ಟ ಮೇಲೆ ಮಕ್ಕಳಿಗೆ ಒಂದು ತಾಸು ಎಸ್ಪೆರಾಂಟೊ ಕಲಿಸಬೇಕಂತ ಅವರಿಗೆ ಹುಕಿ ಬಂದಿದೆ. ಜಗತ್ತಿನ ಮಂದಿಯೆಲ್ಲ ಸರಿಸಮಾನವಾಗಿ ಮಾತಾಡಲಿ ಅಂತ ಯಾರೋ ಪುಣ್ಯಾತ್ಮ ಕೂತು ಕಟ್ಟಿದ ಭಾಷೆ ಅದು, ನೀವು ಸಣ್ಣವರಿದ್ದಾಗ ಕಲಿತಿದ್ದಿರಂತಲ್ಲ, ಬಂದು ನಾಲ್ಕು ಮಾತು ಹೇಳ್ರಿ ಅಂದರು. ನಾನು ಚಹಾ ಕೊಟ್ಟೆ, ಕೊಟ್ಟು ಫೌಜದಾರನ ಹಾಗೆ ವಿಚಾರಣೆಗೆ ಕೂತೆ. ಮಕ್ಕಳು ಹೊರದೇಶದವರಿಗೆ ಏನು ಬರೆದರು ಅಂತ ಯಾರು ನೋಡುತ್ತಾರೆ? ಅಲ್ಲಿಂದ ಬಂದ ಉತ್ತರ ಯಾರ ಕೈಗೆ ಹೋಗುತ್ತದೆ? ಮನೆಯ ಹಿರಿಯರನ್ನು ಕೇಳಿದ್ದೀರೇನು? ಆಕೆ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ವಿಚಾರ ಮಾಡಿ ಹೇಳ್ತೀನಿ ಅಂತ ಸಾಗಹಾಕಿದೆ. ವಿಚಾರ ಮಾಡೋದೇನಿದೆ, ಮಣ್ಣು! ಅವರ ಮುಂದೆ ಬಾಯಿಗೆ ಬರದೇ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಯಾವ ಮಾತನ್ನೂ ಒಂದೇ ಬಾಯಿಂದ ಕೇಳಿ ನಂಬುವ ಪದ್ಧತಿ ಇರಲಿಲ್ಲ. ಇದು ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಹಾಕಿದ ಪದ್ಧತಿ. ಯಮನೂರಿಗೆ ಹೋಗಿ ಬಂದವರು ಅಲ್ಲಿ ಹಳ್ಳಕ್ಕೆ ನೀರು ಬಂದಿದೆ ಅಂದರೆ, ಆಯಿ ಅವರನ್ನು ಪಡಸಾಲೆಯಲ್ಲಿ ಕೂಡಿಸಿ ಬೆಲ್ಲ ನೀರು ಕೊಟ್ಟು, ಜೊತೆಗೆ ಹೋದ ಇನ್ನೊಬ್ಬರನ್ನು ಹಿತ್ತಲಿಗೆ ಕರೆದು ಏನೂ ಗೊತ್ತಿಲ್ಲದವಳ ಹಾಗೆ ಅದನ್ನೇ ಕೇಳುತ್ತಿದ್ದಳು. ಎತ್ತು ನೋಡಿ ಬಂದವರಿಗೂ ಅದೇ, ಹೆಣ್ಣು ನೋಡಿ ಬಂದವರಿಗೂ ಅದೇ. ಇಬ್ಬರ ಮಾತು ಕೂಡಿದರೆ ಖರೇ. ಕೂಡದಿದ್ದರೆ ಇಬ್ಬರನ್ನೂ ಎದುರುಬದುರು ನಿಲ್ಲಿಸುವುದು, ಯಾರ ಕಣ್ಣು ಮೊದಲು ಕೆಳಗೆ ಬೀಳುತ್ತದೆ ನೋಡುವುದು. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನುವುದು ಬೇರೆಯವರಿಗೆ ಗಾದೆ ಮಾತು. ಆಯಿಗೆ ದಿನದ ಕೆಲಸ. ನಮ್ಮ ದನ ಹಿಂಡದ ದಿನಗಳಲ್ಲಿ ಹಾಲಿನವಳ ಎದುರಿಗೇ ಬೆರಳು ಅದ್ದಿ ನೆಲಕ್ಕೆ ಹನಿ ಬಿಟ್ಟು ಅದು ಹರಿಯುತ್ತದೋ ನಿಲ್ಲುತ್ತದೋ ನೋಡುತ್ತಿದ್ದಳು. ಇಂಥ ಮನೆಯಲ್ಲಿ ನಾನು ಬೆಳೆದೆ.

ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅದಕ್ಕಿಂತ ಎರಡು ಮೆಟ್ಟಿಲು ಮೇಲೆ ಪಡಸಾಲೆ, ಒಳಗೆ ದೇವರ ಕೋಣೆ, ಅದರ ಬಾಜು ಅಡಿಗೆಮನೆ, ಹಿಂದೆ ಹಿತ್ತಲು. ಹಿತ್ತಲಿಗೆ ಓಣಿಯಿಂದ ಬೇರೆ ಬಾಗಿಲಿತ್ತು. ಪಡಸಾಲೆಗೂ ಹಿತ್ತಲಿಗೂ ಊರಿನ ಯಾರು ಬೇಕಾದರೂ ಬರಬಹುದು, ಅಡಿಗೆಮನೆಗೆ ಮಾತ್ರ ಹೊರಗಿನವರು ಇಣುಕುವಂತಿಲ್ಲ. ಮಡಿ ಅಂತ ಕಾರಣ ಹೇಳುತ್ತಿದ್ದರು. ಆ ವರ್ಷದ ಕಾರಣ ಬೇರೆಯೇ ಇತ್ತು. ಒಳಗೆ ಎರಡು ಒಲೆ ಉರಿಯುತ್ತಿದ್ದವು, ಎರಡರ ನಡುವೆ ಬೂದಿಯಲ್ಲಿ ಎಳೆದ ಗೆರೆ. ಗೆರೆಯ ಈಚೆ ನಮ್ಮವ್ವ, ಆಚೆ ಚಿಗವ್ವ, ಅಂದರೆ ಕಾಕಾನ ಹೆಂಡತಿ. ಕಳೆ ತೆಗೆಯುವ ದಿನಗಳಿಗೆ ಅಂತ ಅವ್ವ ಬಡಿದು ಒಣಗಿಸಿ ಇಟ್ಟಿದ್ದ ಒಂದು ಬುಟ್ಟಿ ರೊಟ್ಟಿಯನ್ನು ಚಿಗವ್ವ ಕೇಳದೇ ತನ್ನ ತಮ್ಮನಿಗೆ ಕಟ್ಟಿ ಕಳಿಸಿದ್ದಳು. ಅಲ್ಲಿಂದ ಜಗಳ ಹತ್ತಿದ್ದು. ಮೊದಲು ಮಾತು ಬಿಟ್ಟರು, ಆಮೇಲೆ ಒಲೆ ಬೇರೆ ಮಾಡಿದರು, ಆಮೇಲೆ ಗೆರೆ ಬಂತು. ಊರಿನಲ್ಲಿ ನಮ್ಮದು ಒಕ್ಕಟ್ಟಿನ ಮನೆ ಅಂತ ಹೆಸರು. ಆ ಹೆಸರೇ ಆಯಿಯ ಜೀವ. ಬೀಗರು ಬಂದ ದಿನ ಎರಡು ಒಲೆಯ ಅಡಿಗೆ ಒಂದೇ ತಾಟಿನಲ್ಲಿ ಬಂದು ಕೂಡುತ್ತಿತ್ತು, ಅವರು ಹೋದ ಮೇಲೆ ಮತ್ತೆ ಎರಡಾಗುತ್ತಿತ್ತು.

ಇಬ್ಬರ ನಡುವೆ ಮಾತು ಹೊರುವ ಕೆಲಸ ನನಗೆ ಬಂತು. ಎರಡು ಮೊಳ ದೂರದಲ್ಲಿ ಕೂತ ಚಿಗವ್ವನಿಗೆ ಕೇಳುವ ಹಾಗೆಯೇ ಅವ್ವ ನನಗೆ ಹೇಳುತ್ತಿದ್ದಳು, ಆ ಮಹಾರಾಣಿಗೆ ಹೇಳು, ಆಕಳಿಗೆ ನೀರು ಇಡೂದು ಇವತ್ತ ಆಕಿ ಪಾಳಿ. ನಾನು ಗೆರೆ ದಾಟಿ, ಚಿಗವ್ವಾ ಆಕಳಿಗೆ ನೀರು ಇಡಬೇಕಂತ, ಅನ್ನುತ್ತಿದ್ದೆ. ಮಹಾರಾಣಿಯನ್ನು ಈಚೆಗೇ ಬಿಟ್ಟು ಹೋಗುತ್ತಿದ್ದೆ. ಚಿಗವ್ವನ ಉತ್ತರದಲ್ಲಿ ಇದ್ದ ಮುಳ್ಳನ್ನೂ ಹಾಗೇ ಕಿತ್ತು ತರುತ್ತಿದ್ದೆ. ಇಬ್ಬರಿಗೂ ಮೂಲ ಮಾತು ಕೇಳಿರುತ್ತಿತ್ತು, ಆದರೂ ನಾನು ತಂದದ್ದನ್ನೇ ಕೇಳಿದವರ ಹಾಗೆ ನಡೆಯುತ್ತಿದ್ದರು. ಹನ್ನೆರಡರ ವಯಸ್ಸಿಗೇ ನನಗೆ ಒಂದು ಗೊತ್ತಾಗಿತ್ತು. ಮಾತು ಮುಟ್ಟಿಸುವವಳು ಏನು ಬಿಟ್ಟಳು ಅಂತ ಯಾರೂ ಕೇಳುವುದಿಲ್ಲ. ಎಲ್ಲರೂ ನನ್ನನ್ನು ಶಾಣ್ಯಾ ಹುಡುಗಿ ಅಂತ ಹೊಗಳುತ್ತಿದ್ದರು.

ಆಗ ಕಲಘಟಗಿ ಕಡೆಯ ಒಬ್ಬ ಮಾಸ್ತರರು ನಮ್ಮೂರ ಸಾಲಿಗೆ ಬಂದರು. ಮದುವೆ ಆಗಿರಲಿಲ್ಲ, ಚಹಾ ಕುಡಿಯುತ್ತಿರಲಿಲ್ಲ, ಅಂಗಿಯ ಮೇಲೆ ಸಣ್ಣ ಹಸಿರು ಚಿಕ್ಕೆ, ಅಂದರೆ ನಕ್ಷತ್ರದ ಬಿಲ್ಲೆ, ಚುಚ್ಚಿಕೊಳ್ಳುತ್ತಿದ್ದರು. ಸಂಶಯಪಡಲು ಇಷ್ಟು ಸಾಕಾಗಿತ್ತು. ಹಸಿರು ನೋಡಿ ನಮ್ಮವರು ಸಾಬರ ಪೈಕಿ ಅಂದರು, ಸಾಬರ ಓಣಿಯವರು ಇಂವಾ ನಮ್ಮಾವಲ್ಲ ಅಂದರು. ಚಿಕ್ಕೆ ನೋಡಿ ಯಾವುದೋ ಪಾರ್ಟಿಯವನು ಅಂತ ಕೆಲವರು, ಮಿಶನ್ನಿನವನು ಅಂತ ಕೆಲವರು. ಅದು ಎಸ್ಪೆರಾಂಟೊದವರ ಗುರುತು ಅಂತ ಯಾರಿಗೆ ಗೊತ್ತು? ಅವರು ಶನಿವಾರ ಮಧ್ಯಾಹ್ನ ಎಸ್ಪೆರಾಂಟೊ ಕಲಿಸುತ್ತೇನೆ ಅಂದಾಗ ಹತ್ತು ಮಂದಿ ಮಕ್ಕಳು ಕೂತೆವು. ನೀರಿಗೆ ಆಕ್ವೋ, ಮನೆಗೆ ಡೋಮೋ. ಅಪ್ಪ ಪಾಟ್ರೋ, ಅದಕ್ಕೊಂದು ಬಾಲ ಹಚ್ಚಿದರೆ ಅವ್ವ, ಪಾಟ್ರಿನೋ. ಇದನ್ನು ಮನೆಯಲ್ಲಿ ಹೇಳಿದ್ದಕ್ಕೆ ಅವ್ವ, ಅಪ್ಪನ ಬಾಲಾ ಹಿಡಕೊಂಡು ಅವ್ವ ಹುಟ್ಟಿದ್ದು ಯಾವ ಊರಾಗ ಅಂತ ಕೇಳಿದಳು. ಒಂದೊಂದೇ ಮನೆಯವರು ಬಂದು ತಮ್ಮ ಮಕ್ಕಳನ್ನು ಎಬ್ಬಿಸಿಕೊಂಡು ಹೋದರು. ದೀಪಾವಳಿಯ ಹೊತ್ತಿಗೆ ಉಳಿದವರು ಇಬ್ಬರೇ: ನಾನು, ರಾಬಿಯಾ.

ರಾಬಿಯಾ ಬಟ್ಟೆ ಹೊಲಿಯುವ ಹುಸೇನಸಾಬರ ಮಗಳು. ಆಕೆಯ ಅವ್ವ ಖಾತೂನಬಿ ವರ್ಷಕ್ಕೊಮ್ಮೆ ನಮ್ಮ ಪಡಸಾಲೆಯಲ್ಲಿ ಕೂತು ಹಳೆ ಸೀರೆಗಳ ಕೌದಿ ಹೊಲಿದು ಕೊಡುತ್ತಿದ್ದಳು. ಓದಿನಲ್ಲಿ ರಾಬಿಯಾ ನನಗಿಂತ ಒಂದು ಗೇಣು ಮುಂದೆ. ಮನೆಯಲ್ಲಿ ಒಂದು ಭಾಷೆ, ಓಣಿಯಲ್ಲಿ ಒಂದು ಭಾಷೆ ಆಡಿ ಬೆಳೆದವಳಿಗೆ ಮೂರನೆಯದು ಭಾರವಾಗಲಿಲ್ಲ. ನಾನು ಪದ ನೆನಪಿಟ್ಟುಕೊಳ್ಳುತ್ತಿದ್ದೆ, ಆಕೆ ಆ ಭಾಷೆಯಲ್ಲಿ ನಗೆಚಾಟಿಕೆ ಮಾಡುತ್ತಿದ್ದಳು. ನಮ್ಮೂರ ಸಾಲಿ ಏಳನೇ ಇಯತ್ತೆಗೆ ಮುಗಿಯುತ್ತಿತ್ತು. ಮುಂದೆ ಕಲಿಯಬೇಕಾದರೆ ಶಲವಡಿಯ ಹೈಸ್ಕೂಲಿಗೆ ನಡೆದು ಹೋಗಬೇಕು. ಅಪ್ಪ ಕಳಿಸುತ್ತೇನೆ ಅಂದಿದ್ದ, ಆಯಿ ಇನ್ನೂ ಹೂಂ ಅಂದಿರಲಿಲ್ಲ. ಹುಸೇನಸಾಬರು, ನೀಲಾ, ಅಂದರೆ ನಾನು, ಹೋದರೆ ಜೊತೆಗೆ ರಾಬಿಯಾನೂ ಹೋಗಲಿ ಅಂದಿದ್ದರು. ಹೀಗಾಗಿ ನಮ್ಮಿಬ್ಬರ ಶಲವಡಿಯೂ ಆಯಿಯ ಒಂದು ಹೂಂಕಾರಕ್ಕೆ ಕಾದಿತ್ತು. ಅದಕ್ಕಾಗಿ ನಾನು ಬಾವಿಗೆ ಹಾರು ಅಂದರೂ ಹಾರುತ್ತಿದ್ದೆ, ಅಷ್ಟು ಆಸೆ.

ಒಂದು ಸಂಜೆ ಮಾಸ್ತರರೇ ಮನೆಗೆ ಬಂದು ಆಯಿಯ ಮುಂದೆ ಕೂತು ತಿಳಿಸಿ ಹೇಳಲು ನೋಡಿದರು.

"ಇಂಗ್ಲಿಷ್ ಅಂದ್ರ ಇಂಗ್ಲಿಷರದು, ಮರಾಠಿ ಅಂದ್ರ ಮರಾಠಿಯವರದು. ಈ ಭಾಷಾ ಯಾರ ಮನೀದೂ ಅಲ್ರಿ ಆಯಿ. ಅದಕ್ಕ ಎಲ್ಲಾರ ಮನೀದೂ ಆಗತೈತ್ರಿ."

"ಯಾರ ಮನೀದೂ ಅಲ್ಲದ್ದು ಅಂದ್ರ ಕಳುವಿಂದ ಇರಬೇಕು, ಮಾಸ್ತರ. ಇಲ್ಲಾ, ಯಾರೋ ಒಗದು ಹೋಗಿದ್ದಿರಬೇಕು."

ಮಾಸ್ತರರು ಪಾಪ, ಕೊಟ್ಟ ಮಜ್ಜಿಗೆ ಕುಡಿದು ಹೋದರು. ಆಯಿ ಅವರ ಲೋಟವನ್ನು ಬೇರೆ ಇಡಿಸಿದಳು. ಆದರೆ ನನ್ನನ್ನು ಬಿಡಿಸಲಿಲ್ಲ. ಏನು ನಡೆಯುತ್ತದೆ ನೋಡಬೇಕಲ್ಲ, ಬಿಡಿಸಿದರೆ ನೋಡುವವರು ಯಾರು ಅಂತ ಆಕೆಯ ಲೆಕ್ಕ.

ಮಾಸ್ತರರು ನಮಗಿಬ್ಬರಿಗೂ ಹಂಗೇರಿ ಅನ್ನುವ ದೇಶದ ಇಬ್ಬರು ಹುಡುಗಿಯರ ವಿಳಾಸ ಕೊಟ್ಟು ಕಾಗದ ಬರೆಸಿದರು. ನನ್ನ ಪಾಲಿಗೆ ಬಂದವಳು ಇಲೋನಾ. ಮನೆಯಲ್ಲಿ ಯಾರ್ಯಾರು ಇದ್ದೀರಿ, ಏನು ಉಣ್ಣುತ್ತೀರಿ, ಅದನ್ನು ಬರೀರಿ ಅಂದರು. ಬರೆದೆ, ಅವರು ತಿದ್ದಿದರು, ಚೊಕ್ಕ ಪ್ರತಿ ಮಾಡಿದೆ. ಲಕೋಟೆ ಮುಚ್ಚುವ ಮೊದಲು ಕೆಳಗೆ ನಾನೇ ನಾಲ್ಕು ಸಾಲು ಸೇರಿಸಿದೆ. ನಮ್ಮ ಮನೆಯಲ್ಲಿ ಎರಡು ಒಲೆ ಇವೆ. ನಡುವೆ ಬೂದಿಯ ಗೆರೆ ಇದೆ. ಅವ್ವ, ಚಿಗವ್ವ ಮಾತಾಡುವುದಿಲ್ಲ. ಅವರ ಮಾತೆಲ್ಲ ನಾನು ಹೊರುತ್ತೇನೆ. ಯಾಕೆ ಬರೆದೆ? ಆ ಭಾಷೆಯೊಳಗೆ ನಮ್ಮ ಮನೆಯ ಒಬ್ಬರೂ ಇರಲಿಲ್ಲ, ಅದಕ್ಕೆ. ಮುಳ್ಳು ಕೀಳದೇ ಒಂದು ಮಾತು ಆಡಿದ್ದು ಜೀವಮಾನದಲ್ಲಿ ಅದೇ ಮೊದಲು. ಬರೆದಾದ ಮೇಲೆ ಹೊಟ್ಟೆ ಹಗುರಾಗಿ ಎರಡು ರೊಟ್ಟಿ ಹೆಚ್ಚು ಉಂಡೆ.

ಉತ್ತರ ಬಂದದ್ದು ಬೇಸಿಗೆಯಲ್ಲಿ. ಟಪಾಲಿನವನು ಅದನ್ನು ಪಡಸಾಲೆಯಲ್ಲಿ ಕೂತಿದ್ದ ಕಾಕಾನ ಕೈಗೆ ಕೊಟ್ಟ. ಕಾಕಾ ಅಣ್ಣಿಗೇರಿಯಲ್ಲಿ ಕಾಳಿನ ದಲಾಲಿ ನಡೆಸುವ ಒಂದು ಅಡತಿ ಅಂಗಡಿಯ ಗುಮಾಸ್ತ, ಇಂಗ್ಲಿಷ್ ಓದಬಲ್ಲ ಅಂತ ಮನೆಯಲ್ಲಿ ಗೌರವ. ಲಕೋಟೆ ಹರಿದು, ಕನ್ನಡಕ ಏರಿಸಿ ಇಳಿಸಿ, ಒಂದು ಅಕ್ಷರವೂ ಹತ್ತದೇ ಮುಖ ಕೆಂಪಗೆ ಮಾಡಿಕೊಂಡ. ಹೊರದೇಶದ ಕಾಗದ ಅಂದರೆ ಪೊಲೀಸರ ಕಣ್ಣು ಬೀಳುತ್ತದೆ ಅಂದ. ಮಾಸ್ತರನ್ನೇ ಕರೆಸಿ ಓದಿಸೋಣ ಅಂತ ಅಪ್ಪ ಅಂದದ್ದಕ್ಕೆ ಆಯಿ, ಹಾಲಿನಾಗ ನೀರು ಐತೇನು ಅಂತ ಹಾಲು ಮಾರಾಕಿನ್ನ ಕೇಳತೀಯೇನು ಅಂತ ಬಾಯಿ ಮುಚ್ಚಿಸಿದಳು. ಈ ಭಾಷೆ ಬಲ್ಲವರು ಊರಿನಲ್ಲಿ ಇನ್ನಿಬ್ಬರು ಇದ್ದೆವು. ಆಯಿಗೆ ಬೇಕಾದದ್ದೂ ಇಬ್ಬರೇ. ನಾನು ಪಡಸಾಲೆಯಲ್ಲಿ ಅಪ್ಪ, ಕಾಕಾನ ಮುಂದೆ ಓದಿ ಹೇಳಬೇಕು. ಆಮೇಲೆ ಅದೇ ಕಾಗದವನ್ನು ರಾಬಿಯಾ ಹಿತ್ತಲಿನಲ್ಲಿ ಆಯಿ, ಅವ್ವ, ಚಿಗವ್ವನ ಮುಂದೆ ಓದಿ ಹೇಳಬೇಕು. ರಾಬಿಯಾನನ್ನು ಓಣಿಯ ಬಾಗಿಲಿಂದಲೇ ಹಿತ್ತಲಿಗೆ ಕರೆಸಿದರು. ನಮಗಿಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಲು ಬಿಡಲಿಲ್ಲ.

ಮೊದಲ ಸಾಲುಗಳು ಸುಸೂತ್ರವಾಗಿದ್ದವು. ಅವರ ಊರಲ್ಲಿ ಕೆಂಪು ಮೆಣಸಿನಕಾಯಿ ಬೆಳೆಯುತ್ತಾರೆ, ದಾರಕ್ಕೆ ಪೋಣಿಸಿ ಗೋಡೆಗೆ ತೂಗುಹಾಕಿ ಒಣಗಿಸುತ್ತಾರೆ. ಆಕೆಯ ಆಯಿಗೆ ಮೊಣಕಾಲು ನೋವು. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಕಾಕಾ ಒಂದೊಂದನ್ನೂ ಒಂದು ಚೀಟಿಯಲ್ಲಿ ಗೀಚಿಕೊಳ್ಳುತ್ತಿದ್ದ. ಆಮೇಲೆ ಆ ಸಾಲುಗಳು ಬಂದವು. ನಿನ್ನ ಅವ್ವನೂ ಚಿಗವ್ವನೂ ಈಗ ಮಾತಾಡುತ್ತಾರೆಯೇ? ಬೂದಿಯ ಗೆರೆ ಇನ್ನೂ ಇದೆಯೇ? ಎಲ್ಲರ ಮಾತನ್ನೂ ನೀನೊಬ್ಬಳೇ ಹೊರುವುದು ಓದಿ ನನಗೆ ಅಳು ಬಂತು. ಯಾವುದೋ ದೇಶದ ಒಬ್ಬ ಹುಡುಗಿ ನನಗಾಗಿ ಅತ್ತಿದ್ದಾಳೆ, ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಭಾಗ್ಯ ನನಗಿರಲಿಲ್ಲ. ಗೆರೆ ದಾಟುವಾಗ ಮಾಡುತ್ತಿದ್ದದ್ದನ್ನೇ ಮಾಡಿದೆ. ಆ ಸಾಲುಗಳನ್ನು ಬಿಟ್ಟು, ಎಲ್ಲಾರಿಗೂ ನಮಸ್ಕಾರ ಹೇಳಬೇಕಂತ, ಅಂತ ಮುಗಿಸಿದೆ. ರಾಬಿಯಾಗೆ ಬುದ್ಧಿಯಿದೆ, ಆಕೆಯೂ ಬಿಟ್ಟಾಳು ಅಂತ ಒಂದು ಆಸೆ. ಆದರೆ ನಮ್ಮ ಗೆರೆಯ ವಿಷಯ ಆಕೆಗೂ ನಾನು ಹೇಳಿರಲಿಲ್ಲ. ಅದು ಗುಟ್ಟು ಅಂತ ಆಕೆಗೆ ಹೇಗೆ ಗೊತ್ತಾಗಬೇಕು?

ಕಾಗದ ಹಿತ್ತಲಿಗೆ ಹೋಯಿತು. ಕಾಕಾ ನನ್ನನ್ನು ಕಂಬದ ಹತ್ತಿರ ಕೂಡಿಸಿಕೊಂಡು ಕಾವಲು ಕೂತ. ಹಿತ್ತಲಿನಿಂದ ರಾಬಿಯಾಳ ದನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ನಡುವೆ ಆಯಿ ನಕ್ಕದ್ದು ಕೇಳಿತು. ಮೆಣಸಿನಕಾಯಿ ಬಂತು ಅಂದುಕೊಂಡೆ. ಆಮೇಲೆ ದನಿ ನಿಂತಿತು. ಆಯಿ ನನ್ನನ್ನು ಹಿತ್ತಲಿಗೆ ಕರೆದಳು. ಅವ್ವ ನೆಲ ನೋಡುತ್ತಿದ್ದಳು, ಚಿಗವ್ವ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ರಾಬಿಯಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಗದ ಹಿಡಿದು ಕೂತಿದ್ದಳು. ತಪ್ಪು ಎಲ್ಲಿ ಆಯಿತು ಅಂತ ಆಕೆಗೆ ಇನ್ನೂ ಹೊಳೆದಿರಲಿಲ್ಲ, ನನ್ನನ್ನು ನೋಡಿ ನಕ್ಕಳು.

"ನೀಲವ್ವ, ಈ ಕಾಗದದಾಗ ಒಲಿ ಮಾತು, ಬೂದಿ ಗೆರಿ ಮಾತು ಐತೇನು?"

ಹೌದು ಅಂದರೆ ಮನೆಯ ಮಾತನ್ನು ಹೊಸ್ತಿಲು ದಾಟಿಸಿದವಳು ನಾನು, ಶಲವಡಿ ಅಲ್ಲಿಗೆ ಮುಗಿಯಿತು. ಇಲ್ಲ ಅಂದರೆ ರಾಬಿಯಾ ಸುಳ್ಳಿ. ನನಗೆ ವಿಚಾರ ಮಾಡಲು ಹೊತ್ತು ಸಿಗಲಿಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಬೇಕಾದಷ್ಟು ಹೊತ್ತಿತ್ತು.

"ಇಲ್ಲ, ಆಯಿ."

ರಾಬಿಯಾಳ ಮುಖ ಮೊದಲು ನಗುತ್ತಲೇ ಇತ್ತು. ಆಕೆ ಕಾಗದ ನೋಡಿದಳು, ಆ ಸಾಲಿನ ಮೇಲೆ ಬೆರಳಿಟ್ಟಳು, ನನ್ನನ್ನು ನೋಡಿದಳು. ನಾನು ಕಣ್ಣು ಕೆಳಗೆ ಹಾಕಲಿಲ್ಲ. ಆಯಿ ಯಾವುದನ್ನು ನೋಡುತ್ತಾಳೆ ಅಂತ ನನಗೆ ಗೊತ್ತಿತ್ತಲ್ಲ. ಮೊದಲು ಕಣ್ಣು ಇಳಿಸಿದವಳು ರಾಬಿಯಾ. ಕಾಗದವನ್ನು ಮೆಲ್ಲಗೆ ಮಡಚಿದಳು.

"ಹಂಗಾರ ನನಗ ಓದಾಕ ಬಂದಿಲ್ಲ ಬಿಡ್ರಿ, ಆಯಿ."

ಅಷ್ಟೇ ಅಂದು, ಕಾಗದವನ್ನು ಕಲ್ಲಿನ ಮೇಲಿಟ್ಟು, ಬಂದ ಬಾಗಿಲಿಂದಲೇ ಹೋದಳು.

ಆಕೆ ಹೋದ ಮೇಲೆ ನಡೆದದ್ದನ್ನು ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಅವ್ವ ಮುಖ ಎತ್ತಿ ನೆಟ್ಟಗೆ ಚಿಗವ್ವನಿಗೇ ಕೇಳಿದಳು, ಇದು ಆ ಖಾತೂನಬಿ ಕೆಲಸಾನ ಇರಬೇಕು, ಕೌದಿ ಹೊಲಿಯೂ ನೆವಾ ಮಾಡಿ ಒಳಗ ಇಣುಕ್ಯಾಳ, ಹೌದಲ್ಲ? ಚಿಗವ್ವ, ಹೌದಕ್ಕ, ನನಗ ಮೊದಲಿಂದನೂ ಸಂಶೇ ಇತ್ತು, ಬೆಂಕಿ ಇಲ್ಲದ ಹೊಗಿ ಆಡತೈತೇನು, ಅಂದಳು. ಏಳೆಂಟು ತಿಂಗಳಿಂದ ಮುಚ್ಚಿದ ಬಾಯಿ ಎರಡೂ ಒಮ್ಮೆಲೇ ತೆರೆದುಕೊಂಡು ಖಾತೂನಬಿಯ ಹಿಂದಿನದು ಮುಂದಿನದು ಎಲ್ಲ ತೆಗೆದವು. ಖಾತೂನಬಿ ಪಡಸಾಲೆ ಬಿಟ್ಟು ಒಳಗೆ ಹೆಜ್ಜೆ ಇಟ್ಟವಳಲ್ಲ, ಅದು ಅವರಿಬ್ಬರಿಗೂ ಗೊತ್ತಿತ್ತು. ಆ ಸಂಜೆ ಒಂದೇ ಒಲೆ ಹೊತ್ತಿತು. ಅವ್ವ ಗೆರೆಯ ಮೇಲೆ ಸಗಣಿ ಸಾರಿಸಿದಳು. ಮಾತು ಹೊರುವ ಕೆಲಸ ನನಗೆ ಉಳಿಯಲಿಲ್ಲ. ಮನೆ ಒಂದಾಯಿತು ಅಂತ ಅಪ್ಪ, ಕಾಕಾ ಹಿಗ್ಗಿದರು, ಹೋಳಿಗೆ ಮಾಡಿಸಿದರು. ನಾನೂ ಉಂಡೆ. ನನಗೆ ಈಗಲೂ ನನ್ನ ಮೇಲೆ ಸಿಟ್ಟು ಬರುವುದು ಸುಳ್ಳು ಹೇಳಿದ್ದಕ್ಕಿಂತ ಆ ಹೋಳಿಗೆ ರುಚಿ ಹತ್ತಿತಲ್ಲ, ಅದಕ್ಕೆ.

ಮರುದಿನ ಮುಂಜಾನೆ ಅಪ್ಪ ಎಮ್ಮೆ ಹಿಂಡುತ್ತಿದ್ದಾಗ ಆಯಿ ಬಾಜು ನಿಂತು ಹೇಳಿದ್ದು ಕಂಬದ ಹಿಂದಿದ್ದ ನನಗೆ ಕೇಳಿತು.

"ಈಕಿನ್ನ ಶಲವಡಿಗಿ ಕಳಸು. ಈಕಿ ಮನಿ ಮಾತು ಹೊರಗ ಬಿಡಾಕಿ ಅಲ್ಲ. ಬಿಟ್ರೂ, ತಿರುಗಿ ಒಳಗ ತರತಾಳ."

ಅಂದರೆ ಆಯಿಗೆ ಗೊತ್ತಿತ್ತು. ಅಡಿಗೆಮನೆ ಕಾಣದ ಹುಡುಗಿ ಬೂದಿ ಗೆರೆಯನ್ನು ಎಲ್ಲಿಂದ ತಂದಾಳು, ಅಷ್ಟು ತಿಳಿಯದ ಆಯಿಯಲ್ಲ. ಜೀವಮಾನವಿಡೀ ಖರೇ ಯಾವುದು ಅಂತ ಹುಡುಕಿದವಳು ಆವತ್ತು ಖರೇ ಕೈಗೆ ಸಿಕ್ಕರೂ ಸುಳ್ಳನ್ನು ಆರಿಸಿಕೊಂಡಳು, ಸುಳ್ಳಿನಿಂದ ಮನೆಯ ಹೆಸರು ಉಳಿಯಿತು ಅಂತ. ಆವತ್ತಿನಿಂದ ನನಗೆ ಸಂಶಯಪಡುವವರ ಮೇಲೂ ಸಂಶಯ. ಯಾರಾದರೂ ನನ್ನನ್ನು ಒಳ್ಳೆಯವಳು ಅಂದರೆ, ಯಾವುದಕ್ಕೆ ಅಂತ ಕೇಳಬೇಕೆನಿಸುತ್ತದೆ. ಇಲೋನಾಗೆ ನಾನು ಮತ್ತೆ ಬರೆಯಲಿಲ್ಲ. ಶನಿವಾರ ಮಾಸ್ತರರು ಖಾಲಿ ಕೋಣೆಯಲ್ಲಿ ಎರಡು ವಾರ ಕೂತಿದ್ದರಂತೆ. ಯಾಕೆ ಬರಲಿಲ್ಲ ಅಂತ ಕೇಳಿದಾಗ ಮನೆಯಲ್ಲಿ ಬೇಡ ಅಂದರು ಅಂತ ಅವರಿಗೂ ಒಂದು ಸುಳ್ಳು ಹೇಳಿದೆ.

ಖಾತೂನಬಿಗೆ ಕೌದಿ ಹೊಲಿಯಲು ಕರೆ ಹೋಗಲಿಲ್ಲ. ನಮ್ಮ ಮನೆ ಬಿಟ್ಟದ್ದು ನೋಡಿ ಇನ್ನೆರಡು ಮನೆಯವರೂ ಬಿಟ್ಟರು. ರಾಬಿಯಾಗೆ ಓದಲು ಬರುವುದಿಲ್ಲ, ತಾನೇ ಒಪ್ಪಿಕೊಂಡಳು ಅಂತ ಕಾಕಾ ಹುಸೇನಸಾಬರ ಅಂಗಡಿಯ ಕಟ್ಟೆಯ ಮೇಲೆ ಕೂತೇ ಹೇಳಿ ಬಂದಿದ್ದ. ಓದಲು ಬಾರದವಳು ಶಲವಡಿಗೆ ಹೋಗಿ ಏನು ಮಾಡುತ್ತಾಳೆ ಅಂತ ಅವರು ಆಕೆಯನ್ನು ಮಷೀನಿನ ಮುಂದೆ ಕೂಡಿಸಿದರು. ಈ ಸುದ್ದಿ ಕೇಳಿದ ದಿನ ನಾನು ನಿಶ್ಚಯ ಮಾಡಿದೆ. ಹೋಗಿ ಹುಸೇನಸಾಬರಿಗೆ ಹೇಳಿಬಿಡುವುದು, ಆಕಿಗೆ ಓದಾಕ ಬರತೈತಿ, ನನಗಿಂತ ಚೆಂದ ಬರತೈತಿ, ಸುಳ್ಳು ನಂದು ಅಂತ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡುತ್ತಾ ಹೋದೆ. ಹೈಸ್ಕೂಲಿನ ಯುನಿಫಾರ್ಮಿಗೆ ಅಂತ ಅಪ್ಪ ತಂದಿದ್ದ ನೀಲಿ, ಬಿಳಿ ಅರಿವೆಯ ಗಂಟನ್ನು ಅವ್ವ ಹೊರಡುವಾಗ ನನ್ನ ಕಂಕುಳಕ್ಕೆ ತುರುಕಿದ್ದಳು, ಹೋಗತಿದ್ದೀ ಅಂದ್ರ ಅಳತಿ ಕೊಟ್ಟ ಬಾ ಅಂತ.

ಹುಸೇನಸಾಬರು ಇಸ್ತ್ರಿ ಮಾಡುತ್ತಿದ್ದರು. ಏನವ್ವಾ ನೀಲಾ, ಏನ ಬೇಕಾಗಿತ್ತು, ಅಂದರು. ಬಾಯಿಪಾಠ ಮಾಡಿದ್ದು ನಾಲಗೆಯ ತುದಿಗೆ ಬಂತು. ನಾನು ಗಂಟು ಮುಂದೆ ಹಿಡಿದೆ. ಅವರು ಬಿಚ್ಚಿ ನೋಡಿ, ಶಲವಡಿ ಸಾಲಿದು, ಛಲೋ ಆತು, ಅಂತ ಖುಷಿಯಿಂದಲೇ ಅಂದು ಮಗಳನ್ನು ಕರೆದರು. ರಾಬಿಯಾ ಮಷೀನು ನಿಲ್ಲಿಸಿ, ಕೊರಳಲ್ಲಿದ್ದ ಟೇಪು ತೆಗೆದು ಬಂದಳು. ನನ್ನ ಭುಜ ಅಳೆದಳು, ತೋಳು ಅಳೆದಳು, ಸೊಂಟಕ್ಕೆ ಟೇಪು ಸುತ್ತಿದಳು, ಒಂದೊಂದು ಅಳತೆಯನ್ನೂ ತನ್ನ ಅಪ್ಪನಿಗೆ ಕೂಗಿ ಹೇಳಿದಳು. ಆಕೆಯ ಬೆರಳು ಬೆಚ್ಚಗಿದ್ದವು. ನಾನು ಕಾಯುತ್ತಾ ನಿಂತಿದ್ದೆ, ಈಗ ಬೈತಾಳೆ, ಬೈದರೆ ಎಲ್ಲ ಹೇಳಿಬಿಡ್ತೀನಿ ಅಂತ. ಕೊನೆಗೆ ಲಂಗದ ಉದ್ದಕ್ಕೆ ಅಂತ ನೆಲಕ್ಕೆ ಕೂತು ನನ್ನ ಕಾಲಿನ ಹತ್ತಿರ ಟೇಪು ಹಿಡಿದು, ತಲೆ ಎತ್ತದೇ ಕೇಳಿದಳು.

"ಪರಕಾರದಾಗ ಅರಿವಿ ಜಾಸ್ತಿ ಮಡಚಿ ಹೊಲೀಲೇನು? ಮೂರು ವರ್ಷ ಬರಬೇಕಲ್ಲ ನಿನಗ."

"ಹೂಂ," ಅಂದೆ. "ಮಡಚು."